ಸಿಲೆಬಸ್ಸಿನಲ್ಲಿಲ್ಲದ ಕೆರೆ

ಕಳೆದ ತಿಂಗಳು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ದಾರಿಯಲ್ಲಿರುವ ಪುಸ್ತಕದಂಗಡಿಗೆ ಹೋಗಿದ್ದೆ. ಹನ್ನೊಂದನೆಯ ತರಗತಿಯ ಗಣಿತ ಮತ್ತೆ ಬದಲಾಗಿದೆ ಎಂದು ಯಾರೋ ಹೇಳಿದ್ದರು. ಅಂಗಡಿಯವನು ಕಟ್ಟು ಬಿಚ್ಚಿ ಹೊಸ ಪುಸ್ತಕವನ್ನು ನನ್ನ ಮುಂದಿಟ್ಟು, "ಸರ್, ಪುನ್ಹಾ ಬದಲ್ಲಂ ಬಘಾ" ಎಂದ. ಇಪ್ಪತ್ತೈದು ವರ್ಷಗಳಿಂದ ಗಣಿತದ ಟ್ಯೂಷನ್ ಮಾಡಿಕೊಂಡು ಬಂದವನಿಗೆ, ಮತ್ತೆ ಬದಲಾಯಿತು ಎಂಬ ಮಾತು ಹೊಸದಲ್ಲ. ಆದರೆ ಪುಟ ತಿರುವಿದಾಗ ಹಸಿ ಶಾಯಿಯ ವಾಸನೆ ಬಂತು. ಈ ವಾಸನೆಯನ್ನು ನಾನು ಆರೇಳು ವರ್ಷಗಳ ಹಿಂದೆ ನನ್ನ ಮಗಳ ಬ್ಯಾಗಿನಲ್ಲಿ ಮೂಸಿದ್ದೆ. ಆ ಮಳೆಗಾಲದ ಸಂಗತಿಯನ್ನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಬಿಚ್ಚಿಲ್ಲ. ಹೇಳಿಕೊಳ್ಳುವಂಥ ಹೆಮ್ಮೆಯ ವಿಷಯವೂ ಅದಲ್ಲ, ಹೊಟ್ಟೆಕಿಚ್ಚಿನ ವಿಷಯ.

ನಾನು ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ, ಠಾಣೆಯಲ್ಲಿದ್ದ ಮಾವನ ಹೋಟೆಲಿಗೆಂದು ಬಂದವನು. ಕೌಂಟರಿನಲ್ಲಿ ಕೂರಿಸಿದರೆ ಗಿರಾಕಿಗಳ ಮಕ್ಕಳಿಗೆ ಬಿಲ್ಲಿನ ಹಿಂಬದಿಯಲ್ಲಿ ತ್ರಿಕೋನಮಿತಿ ಹೇಳಿಕೊಡುತ್ತಿದ್ದೆ. ಮಾವ ಆರು ತಿಂಗಳು ನೋಡಿ, "ನೀನು ಹೋಟೆಲಿಗೆ ಆಗುವ ಜನ ಅಲ್ಲ ಮಾರಾಯ, ಎಲ್ಲಾದ್ರೂ ಮಾಸ್ಟ್ರಾಗು" ಎಂದು ಕೈಮುಗಿದರು. ಡೊಂಬಿವಲಿಯಲ್ಲಿ ಎರಡನೆಯ ಮಾಳಿಗೆಯ ಮನೆ ಹಿಡಿದು, ಎದುರಿನ ಕೋಣೆಯ ಗೋಡೆಗೆ ಕರಿಹಲಗೆ ಹೊಡೆಸಿ, ಬಾರಾವಿಯ ಗಣಿತ ಶುರು ಮಾಡಿದೆ. ಹನ್ನೆರಡನೆಯ ತರಗತಿಗೆ ಇಲ್ಲಿ ಎಲ್ಲರೂ ಹೇಳುವುದು ಬಾರಾವಿ ಎಂದೇ. ಬೆಳಗಿನ ಬ್ಯಾಚಿಗೆ ವಿಠ್ಠಲವಾಡಿಯಿಂದ, ಕಳವಾದಿಂದ ಮಕ್ಕಳು ಲೋಕಲ್ ಹಿಡಿದು ಬರುತ್ತಿದ್ದರು. ಮೆಟ್ಟಿಲ ಮೇಲಿನ ಚಪ್ಪಲಿಗಳ ರಾಶಿಯ ಬಗ್ಗೆ ಕೆಳಗಿನ ಮನೆಯವರು ಪ್ರತಿ ವರ್ಷ ಸೊಸೈಟಿ ಮೀಟಿಂಗಿನಲ್ಲಿ ತಕರಾರು ತೆಗೆಯುತ್ತಿದ್ದರು. ಆ ತಕರಾರು ಕೇಳುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆಗಿನ ಬಾರಾವಿಯ ಗಣಿತವೇ ಬೇರೆ. ಎಲ್ಲರ ಬಳಿಯೂ ಲಾಗ್ ಟೇಬಲ್ಲಿನ ತೆಳು ಪುಸ್ತಕ ಇರುತ್ತಿತ್ತು. ಪ್ರಮೇಯವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೆಯಬೇಕು, ನಡುವೆ ಒಂದು ಹೆಜ್ಜೆ ಜಾರಿದರೆ ಅಂಕವೂ ಜಾರಿತು. ಬಾರಾವಿಯ ಅಂಕ ನೋಡಿಯೇ ಇಂಜಿನಿಯರಿಂಗ್ ಸೀಟು ಸಿಗುತ್ತಿತ್ತು. ಕೆಲವು ವರ್ಷಗಳಲ್ಲಿ ಪ್ರವೇಶ ಪರೀಕ್ಷೆ ಬಂತು, ನಾಲ್ಕು ಉತ್ತರಗಳಲ್ಲಿ ಒಂದರ ವೃತ್ತಕ್ಕೆ ಮಸಿ ತುಂಬಿದರೆ ಮುಗಿಯಿತು. ಪುಟಗಟ್ಟಲೆ ಬರೆಯುತ್ತಿದ್ದ ಮಕ್ಕಳು, "ಸರ್, ಶಾರ್ಟ್‌ಕಟ್ ಹೈ ಕ್ಯಾ?" ಎಂದು ಕೇಳತೊಡಗಿದರು. ಶಾರ್ಟ್‌ಕಟ್ ಬೇಕಾದವರು ಹಳಿ ದಾಟಲಿ, ನನ್ನ ಹತ್ತಿರ ಬ್ರಿಜ್ಜಿನ ಮೇಲಿನ ದಾರಿ ಮಾತ್ರ ಇದೆ ಎಂದು ಗದರುತ್ತಿದ್ದೆ. ಗದರಿದರೂ ರಾತ್ರಿ ಕೂತು ಶಾರ್ಟ್‌ಕಟ್ಟುಗಳನ್ನು ಕಲಿತೆ. ಹೊಟ್ಟೆಪಾಡು ಕಲಿಸುತ್ತದೆ.

ಇಷ್ಟೆಲ್ಲ ಬದಲಾದರೂ ಒಂದು ಅಧ್ಯಾಯ ಮಾತ್ರ ಹಾಗೇ ಉಳಿದಿತ್ತು, ನ್ಯೂಮರಿಕಲ್ ಮೆಥಡ್ಸ್. ಸೂತ್ರಕ್ಕೆ ಸಿಗದ ಅಂಕುಡೊಂಕು ಜಾಗವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಅಳೆದು, ವಿಸ್ತೀರ್ಣ ತೆಗೆಯುವ ವಿದ್ಯೆ ಅದು. ಅದರಲ್ಲೊಂದು ನಿಯಮಕ್ಕೆ ಪಟ್ಟಿಗಳು ಸಮಸಂಖ್ಯೆಯಲ್ಲೇ ಇರಬೇಕು. ನಾಲ್ಕು, ಆರು, ಎಂಟು ಆಗಬಹುದು, ಏಳು ನಡೆಯದು. ನಮ್ಮ ಕಟ್ಟಡದ ಎದುರಿನ ಮೈದಾನದಲ್ಲಿ ಮಳೆಗಾಲ ಬಂತೆಂದರೆ ನೀರು ನಿಂತು ಸಣ್ಣ ಕೆರೆಯಾಗುತ್ತಿತ್ತು. ಜುಲೈ ತಿಂಗಳ ಒಂದು ಭಾನುವಾರ ಇಡೀ ಬ್ಯಾಚನ್ನು ಅಲ್ಲಿಗೆ ಇಳಿಸುತ್ತಿದ್ದೆ. ಕೈಯಲ್ಲಿ ನೈಲಾನ್ ಹಗ್ಗ, ಮೀಟರಿಗೊಂದು ಗಂಟು, ಗಂಟಿಗೊಂದು ಕೆಂಪು ದಾರ. ದಡದ ಉದ್ದಕ್ಕೂ ಸಮ ಅಂತರದಲ್ಲಿ ಇಟ್ಟಿಗೆ ಚೂರು ಇಟ್ಟು ಪಟ್ಟಿಗಳ ಗುರುತು ಮಾಡುವುದು, ಇಬ್ಬರು ಆಚೆ ಈಚೆ ನಿಂತು ಹಗ್ಗ ಹಿಡಿದು ಅಗಲ ಅಳೆಯುವುದು, ಒಬ್ಬರು ಕೊಡೆಯಡಿ ನಿಂತು ಬರೆದುಕೊಳ್ಳುವುದು. ಬಾಲ್ಕನಿಗಳಿಂದ ಜನ ಇಣುಕುತ್ತಿದ್ದರು. ಡೊಂಬಿವಲಿಯಲ್ಲಿ ಕೊಚ್ಚೆನೀರು ಅಳೆಯುವ ಮಾಸ್ತರ ನಾನೊಬ್ಬನೇ ಎಂಬ ಗತ್ತು ನನಗೆ.

ರೇಣುಕಾ ನನ್ನ ಆರಂಭದ ಬ್ಯಾಚಿನವಳು. ಅವರು ಗದಗದ ಕಡೆಯವರು, ಅಪ್ಪನಿಗೆ ಕಳವಾ ಕಡೆಯ ರೈಲು ಕಾರ್‌ಶೆಡ್ಡಿನಲ್ಲಿ ಕೆಲಸ, ಒಂದೇ ಕೋಣೆಯ ಮನೆ. ಅವಳ ವರ್ಷ ಕೆರೆ ಅಳೆಯುವಾಗ ನಾನು ಮಾತಿನ ಭರದಲ್ಲಿ ಇಟ್ಟಿಗೆ ಚೂರುಗಳನ್ನು ಲೆಕ್ಕ ತಪ್ಪಿ ಇಟ್ಟುಬಿಟ್ಟಿದ್ದೆ.

"ಸರ, ಏಳ್ ಪಟ್ಟಿ ಆಗ್ಯಾವ್ರಿ," ಎಂದಳು ಅವಳು ಮೆಲ್ಲಗೆ.

"ಬೇಕಂತಲೇ ಇಟ್ಟದ್ದು. ಯಾರು ಕಂಡುಹಿಡೀತಾರೆ ನೋಡ್ಲಿಕ್ಕೆ," ಎಂದೆ. ಅದು ಹಸಿ ಸುಳ್ಳು.

ಅವಳು ನಂಬಿದಳು. ನಂಬಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ಸಮಸಂಖ್ಯೆನ ಯಾಕ್ ಬೇಕ್ರಿ ಸರ? ಏಳಾದ್ರ ಏನಾಗ್ತೈತ್ರಿ?" ಎಂದು ಕೇಳಿದಳು.

"ಅದು ನಿಯಮ. ಬರ್ಕೊ."

ನಿಜ ಹೇಳುವುದಾದರೆ ಯಾಕೆಂದು ನನಗೂ ಗೊತ್ತಿರಲಿಲ್ಲ. ನನ್ನ ಮಾಸ್ತರರೂ ನನಗೆ ನಿಯಮ ಎಂದೇ ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಆದರೂ ತಪ್ಪು ಹಿಡಿದ ಆ ಹುಡುಗಿಯ ಮೇಲೆ ನನಗೆ ವಿಪರೀತ ಅಭಿಮಾನ ಉಕ್ಕಿ, ಕಾಲೇಜಿನ ದಿನಗಳಿಂದ ಇಟ್ಟುಕೊಂಡಿದ್ದ ನನ್ನ ಸ್ವಂತ ಲಾಗ್ ಟೇಬಲನ್ನು ಅವಳಿಗೆ ಕೊಟ್ಟೆ. ಅವಳು ಇಂಜಿನಿಯರಾದಳು, ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಂಪನಿ ಸೇರಿದಳು. ಹತ್ತು ವರ್ಷ ಊರೆಲ್ಲ ಅವಳ ಹೆಸರು ಹೇಳಿಕೊಂಡು ತಿರುಗಿದೆ. ಒಂದು ದಿನ ಪೆಟ್ಟಿಗೆ ಸಿಹಿ ಹಿಡಿದು ಮನೆಗೆ ಬಂದು, "ಕಂಪ್ನ್ಯಾಗ ಕೂತು ಕೂತು ಬ್ಯಾಸರಾತ್ರಿ ಸರ. ನಿಮ್ಮಂಗ ಕ್ಲಾಸ್ ತಗೀಬೇಕಂತ ಮಾಡೀನಿ. ಕಾಯಿ ನೀವ ಒಡೀಬೇಕು" ಎಂದಳು. ಹೋಗಿ ಒಡೆದೆ. ಸ್ಟೇಷನ್ನಿಗೆ ಅಂಟಿಕೊಂಡ ಕಟ್ಟಡ, ಎ.ಸಿ. ಕೋಣೆ, ಬಿಳಿಹಲಗೆ. ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುವರ್ಷದ ಜೂನಿನಲ್ಲಿ ನನ್ನ ಮಗಳು ಸ್ಮೃತಿ ಬಾರಾವಿಗೆ ಬಂದಳು. ಅದೇ ವರ್ಷ ಬಾರಾವಿಯ ಗಣಿತವೂ ಬದಲಾಯಿತು. ಇಡೀ ದೇಶಕ್ಕೆ ಒಂದೇ ಅಳತೆಯ ಪ್ರವೇಶ ಪರೀಕ್ಷೆಗೆ ಹೊಂದುವಂತೆ ಪಾಠಗಳನ್ನು ಆಚೀಚೆ ಮಾಡಿದ್ದಾರೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಗಣಿತ ಎಲ್ಲಿಗೆ ಬದಲಾಗುತ್ತದೆ, ಎರಡು ಎರಡು ನಾಲ್ಕೇ ತಾನೇ ಎಂದು ನಾನು ಹೊಸ ಪುಸ್ತಕ ಕೊಳ್ಳಲಿಲ್ಲ. ಅಂಗಡಿಯಲ್ಲಿ ನಿಂತು ಪರಿವಿಡಿಯ ಮೇಲೆ ಕಣ್ಣಾಡಿಸಿದೆ. ಮ್ಯಾಟ್ರಿಕ್ಸ್, ವೆಕ್ಟರ್, ಇಂಟಿಗ್ರೇಷನ್ ಎಲ್ಲ ಕಂಡವು. ಸಾಕು ಎಂದು ಮನೆಗೆ ಬಂದೆ.

ಬ್ಯಾಚು ಮಾತ್ರ ಸೊರಗಿತ್ತು. ಅಕ್ಕಂದಿರನ್ನು ನನ್ನ ಬಳಿ ಕಳಿಸಿದ್ದ ಮನೆಗಳವರೇ ತಂಗಿಯರನ್ನು ರೇಣುಕಾಳ ಬಳಿ ಕಳಿಸಿದ್ದರು. ಸಂಜೆ ವಾಕಿಂಗ್ ಎಂದು ಹೊರಟವನ ಕಾಲುಗಳು ತಾವಾಗಿ ಅವಳ ಕ್ಲಾಸಿನ ಹೊರಗಿನ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಿದ್ದವು. ನಾನು ಅಲ್ಲಿ ಚಪ್ಪಲಿ ಎಣಿಸುತ್ತಿದ್ದೆ. ನಲವತ್ತಾರು ಜೊತೆ. ಮರುದಿನ ನಲವತ್ತೊಂಬತ್ತು. ನಮ್ಮ ಮೆಟ್ಟಿಲ ಮೇಲೆ ಹದಿನಾಲ್ಕು, ಅದರಲ್ಲಿ ಒಂದು ಜೊತೆ ಮನೆಯ ಮಗಳದೇ. ಕೆಳಗಿನ ಮನೆಯವರು ಆ ವರ್ಷ ತಕರಾರು ಮಾಡಲಿಲ್ಲ, ನನಗೆ ಅದೇ ದೊಡ್ಡ ಅವಮಾನವಾಗಿ ಕಂಡಿತು.

"ಎ.ಸಿ. ಗಾಳಿಗೆ ಹೋಗ್ತಾರೆ. ಬಿಳಿಹಲಗೆಯಲ್ಲಿ ಗಣಿತ ಹತ್ತುವುದಿಲ್ಲ, ಚಾಕ್‌ಪೀಸಿನ ಧೂಳು ಕುಡಿಯಬೇಕು," ಎಂದು ಮನೆಯಲ್ಲಿ ಹೇಳಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ನನ್ನ ಹೆಂಡತಿ ಶಾಂತಾ. ಮಳೆಗಾಲದಲ್ಲಿ ಚಾಕ್‌ಪೀಸು ತೇವ ಹಿಡಿಯಬಾರದೆಂದು ನಾನು ಡಬ್ಬಿಯನ್ನು ಅವಳ ಅಕ್ಕಿ ಡ್ರಮ್ಮಿನಲ್ಲಿ ಇಡುತ್ತಿದ್ದೆ. ಹಾಗಾಗಿ ಅವಳಿಗೆ ಚಾಕ್‌ಪೀಸಿನ ಮೇಲೆ ಮೊದಲೇ ಸಿಟ್ಟಿತ್ತು.

ಜುಲೈ ಬಂದಾಗ ನನ್ನ ಉಸಿರು ಮರಳಿತು. ನ್ಯೂಮರಿಕಲ್ ಮೆಥಡ್ಸ್ ತೆಗೆದೆ. ಇದನ್ನು ಯಾವ ರೇಣುಕಾ ನನ್ನಂತೆ ಮಾಡುತ್ತಾಳೆ ನೋಡೋಣ ಎಂಬ ಹಟದಲ್ಲಿ ಒಂದು ವಾರದ ಪಾಠವನ್ನು ಮೂರು ವಾರ ಮಾಡಿದೆ. ಮಕ್ಕಳು ಅಷ್ಟು ಶಿಸ್ತಾಗಿ ಕೂತದ್ದನ್ನು ನಾನು ಯಾವ ವರ್ಷವೂ ಕಂಡಿರಲಿಲ್ಲ. ಯಾರೂ ಪಿಸುಗುಟ್ಟಲಿಲ್ಲ, ಯಾರೂ ಮೊಬೈಲು ಮುಟ್ಟಲಿಲ್ಲ. ಭಾನುವಾರ ಕೆರೆಗೂ ಇಳಿದೆವು. ಒಂದು ತುದಿಯಲ್ಲಿ ಸ್ಮೃತಿ ಹಗ್ಗ ಹಿಡಿದಳು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದವನು ಊಟಕ್ಕೆ ಎರಡು ಸೌಟು ಹೆಚ್ಚು ಸಾರು ಹಾಕಿಸಿಕೊಂಡೆ.

ಅದಾಗಿ ಎರಡು ದಿನಕ್ಕೆ ಸ್ಟೇಪ್ಲರ್ ಹುಡುಕುತ್ತ ಸ್ಮೃತಿಯ ಬ್ಯಾಗಿಗೆ ಕೈ ಹಾಕಿದೆ. ಹಸಿ ಶಾಯಿಯ ವಾಸನೆ ಬಂತು. ಹೊಸ ಗಣಿತದ ಪುಸ್ತಕ. ಅಂಚುಗಳಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಟಿಪ್ಪಣಿಗಳು, ಏಳು ಎಂಬ ಅಂಕೆಯ ನಡುವೆ ಅಡ್ಡಗೆರೆ. ಅದು ರೇಣುಕಾಳ ಕೈಬರಹ, ಹಾಗೆ ಏಳು ಬರೆಯಲು ಅವಳಿಗೆ ಕಲಿಸಿದವನು ನಾನೇ. ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ನ್ಯೂಮರಿಕಲ್ ಮೆಥಡ್ಸ್ ಇರಲಿಲ್ಲ. ಪುಸ್ತಕದಲ್ಲೇ ಇಲ್ಲದ ಅಧ್ಯಾಯವನ್ನು ನಾನು ಮೂರು ವಾರ ಪಾಠ ಮಾಡಿದ್ದೆ.

ಸ್ಮೃತಿಯನ್ನು ಕರೆದು ಪುಸ್ತಕ ಮುಂದಿಟ್ಟೆ. ಅವಳು ಅಳಲಿಲ್ಲ, ಚೂಡಿದಾರದ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ನಿನಗೆ ಗೊತ್ತಿತ್ತಾ?"

"ಪಹಲೇ ದಿನ್ ಸೇ, ಪಪ್ಪಾ." ಮೊದಲ ದಿನದಿಂದಲೂ ಗೊತ್ತಿತ್ತು.

"ಎಲ್ಲರಿಗೂ?"

ಹೌದೆಂದು ತಲೆಯಾಡಿಸಿದಳು. "ರೇಣುಕಾ ಮ್ಯಾಮ್ ನೇ ಬೋಲಾ, ಸರ್ ಅದನ್ನು ಹೇಳುವಾಗ ಕೇಳ್ಬೇಕಂತೆ. ಮಾರ್ಕ್ಸ್ ಇಲ್ಲ, ಫಿರ್ ಭೀ. ಯಾರೂ ಟೋಕ್ ಮಾಡ್ಬಾರ್ದು ಅಂದ್ರು." ಮಾರ್ಕ್ಸ್ ಇಲ್ಲದಿದ್ದರೂ ಕೂತು ಕೇಳಬೇಕು, ನಡುವೆ ಬಾಯಿ ಹಾಕಿ ತಡೆಯಬಾರದು ಎಂದಿದ್ದಳಂತೆ.

ನನ್ನ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಮಂದಿ ರೇಣುಕಾಳ ಬಳಿಗೂ ಹೋಗುತ್ತಿದ್ದರು. ನನ್ನ ಮಗಳೂ ಅವರಲ್ಲಿ ಒಬ್ಬಳು. ನನ್ನ ಕ್ಲಾಸಿನಲ್ಲಿ ಕಂಡ ಆ ಶಿಸ್ತು ಕೂಡ ರೇಣುಕಾ ಹೇಳಿ ಕಳಿಸಿದ ಶಿಸ್ತು. ಗುರುವಿಗೇ ತಿರುಮಂತ್ರ ಎಂದು ನಾನು ಕೂಗಾಡಿದಾಗ ಶಾಂತಾ ಅಡುಗೆಮನೆಯಿಂದ ಹೊರಗೆ ಬಂದಳು.

"ಅವಳ ಮೇಲೆ ಎಂತಕ್ಕೆ ಹಾರುದು ನೀವು? ಸ್ಮೃತಿಯನ್ನು ನಾನೇ ಕಳಿಸಿದ್ದು. ನಿಮ್ಮ ಹತ್ರ ಒಂದು ಡೌಟ್ ಕೇಳ್ಲಿಕ್ಕೆ ಅವಳಿಗೆ ಹೆದ್ರಿಕೆ. ಬರ್ಕೊ ಅಂತೀರಿ, ಬರ್ಕೊಳ್ತಾಳೆ. ಹಿತ್ತಲ ಗಿಡ ಮದ್ದಲ್ಲ, ಎಂತ ಮಾಡುದು?"

ಮರುದಿನ ಸಂಜೆ ಭರ್ತಿ ಮಳೆ. ಛತ್ರಿ ಹಿಡಿದು ರೇಣುಕಾಳ ಕಟ್ಟಡಕ್ಕೆ ಹೋದೆ. ಮೂರು ಮಾಳಿಗೆ ಹತ್ತುವಷ್ಟರಲ್ಲಿ ಹೇಳಬೇಕಾದ ಮಾತುಗಳನ್ನು ಒಂದರ ಹಿಂದೊಂದು ಜೋಡಿಸಿಕೊಂಡಿದ್ದೆ. ನನ್ನ ಮಗಳನ್ನು ಕದ್ದೆ, ನನ್ನ ಮಕ್ಕಳ ಮುಂದೆ ನನ್ನನ್ನು ಕೋಡಂಗಿ ಮಾಡಿದೆ, ನನ್ನ ಲಾಗ್ ಟೇಬಲ್ ವಾಪಸು ಕೊಡು. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಚಪ್ಪಲಿಗಳ ನಡುವೆ ನಿಂತು ಒಳಗೆ ನೋಡಿದೆ. ಬಿಳಿಹಲಗೆಯನ್ನು ನಾಲ್ಕು ಭಾಗ ಮಾಡಿ, ಬಲತುದಿಯದನ್ನು ಕಚ್ಚಾ ಲೆಕ್ಕಕ್ಕೆ ಬಿಟ್ಟಿದ್ದಳು. ಅದೂ ನನ್ನದೇ ಪದ್ಧತಿ. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಒಂದು ಕೈ ಮೇಲೆದ್ದಿತು. ಸ್ಮೃತಿಯ ಕೈ. ನನ್ನ ಎದುರು ಒಮ್ಮೆಯೂ ಏಳದ ಕೈ.

"ಮ್ಯಾಮ್, ಪಪ್ಪಾ ಪಟ್ಟಿಗಳು ಈವನ್ ನಂಬರೇ ಇರಬೇಕು ಅಂತಾರೆ. ಕ್ಯೂಂ?"

ಹಿಂದೆ ರೇಣುಕಾ ಕೆಸರಿನಲ್ಲಿ ನಿಂತು ಕೇಳಿದ್ದು ಇದೇ ಪ್ರಶ್ನೆ. ಈಗ ಅವಳು ನಗುತ್ತಾಳೆ, ನಿಮ್ಮ ಪಪ್ಪಾನಿಗೂ ಗೊತ್ತಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ಹಲಗೆಯ ಮೇಲೆ ನಮ್ಮ ಮೈದಾನದ ಕೆರೆಯನ್ನು ಬರೆದು, ಪಟ್ಟಿಗಳಾಗಿ ಸೀಳಿದಳು. ಪಟ್ಟಿಯ ತಲೆಯನ್ನು ನೇರ ಗೆರೆಯಿಂದ ಮುಚ್ಚಿದರೆ ಬಾಗಿದ ದಡ ಕೈತಪ್ಪುತ್ತದೆ, ಆದ್ದರಿಂದ ಕಮಾನಿನಂಥ ಗೆರೆ ಬೇಕು ಎಂದಳು. ಅಂಥ ಕಮಾನು ಎಳೆಯಲು ಎರಡು ಬಿಂದು ಸಾಲದು, ಮೂರು ಬೇಕು. ಮೂರು ಬಿಂದು ಎಂದರೆ ಎರಡು ಪಟ್ಟಿ. ಹಾಗಾಗಿ ಪಟ್ಟಿಗಳು ಜೋಡಿ ಜೋಡಿಯಾಗಿಯೇ ಹೋಗಬೇಕು, ಏಳಾದರೆ ಕೊನೆಯದಕ್ಕೆ ಜೊತೆಯಿಲ್ಲ.

ಇಷ್ಟೇ. ಅಷ್ಟು ವರ್ಷ ನಾನು ನಿಯಮ ನಿಯಮ ಎಂದು ಬಡಬಡಿಸಿದ್ದಕ್ಕೆ ಕಾರಣ ಇಷ್ಟೇ ಇತ್ತು. ಮಗಳು "ಓಹ್" ಎಂದಳು. ಆ ಓಹ್ ನನ್ನ ಮನೆಯ ಕರಿಹಲಗೆಯ ಎದುರು ಯಾವತ್ತೂ ಕೇಳಿರಲಿಲ್ಲ. ಮಕ್ಕಳು ರೇಣುಕಾಳ ಬಳಿ ಹೋದದ್ದಕ್ಕೆ ಆದ ಸಂಕಟ ಆ ಕ್ಷಣಕ್ಕೆ ಏನೂ ಅಲ್ಲ ಎನ್ನಿಸಿತು. ಅವಳಿಗೆ ತಿಳಿದಿದೆ, ನನಗೆ ತಿಳಿದಿರಲಿಲ್ಲ, ಈ ಉರಿಯೇ ಬೇರೆ.

"ಮೈನೇ ಭೀ ಸರ್ ಸೇ ಯಹೀ ಪೂಛಾ ಥಾ," ಎಂದಳು ರೇಣುಕಾ ಹಲಗೆ ಒರೆಸುತ್ತ. "ಸರ್ ನೇ ಹೀ ಸಮಝಾಯಾ." ತಾನೂ ಸರ್ ಅವರನ್ನು ಇದನ್ನೇ ಕೇಳಿದ್ದೆ, ಸರ್ ಅವರೇ ತಿಳಿಸಿಕೊಟ್ಟರು ಎಂದು ನಲವತ್ತೊಂಬತ್ತು ಮಕ್ಕಳ ಮುಂದೆ ನನಗಾಗಿ ಸುಳ್ಳು ಹೇಳಿದಳು.

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಳಿಯಲಿಲ್ಲ. ಆದರೂ ಕ್ಲಾಸು ಮುಗಿಯುವವರೆಗೆ ಅಲ್ಲೇ ನಿಂತೆ. ಒಂದಾದರೂ ತಪ್ಪು ಮಾಡಲಿ ಎಂದು ಕಾದೆ. ಮಾಡಲಿಲ್ಲ. ಮಕ್ಕಳು ಹೊರಬಂದಾಗ ಸ್ಮೃತಿ ನನ್ನನ್ನು ಕಂಡು ನಿಂತುಬಿಟ್ಟಳು.

"ಮಳೆ ಉಂಟಲ್ಲ, ಛತ್ರಿ ತಂದೆ," ಎಂದೆ.

ಹಿಂದೆಯೇ ರೇಣುಕಾ ಬಂದಳು. "ಸರ, ಒಳಗ ಬರ್ರಿ, ಹೊರಗ್ಯಾಕ ನಿಂತೀರಿ?" ಎಂದವಳು ನನ್ನ ಮುಖ ನೋಡಿ ಎಲ್ಲ ಅರ್ಥವಾದವಳಂತೆ ಮಾತು ತಿರುಗಿಸಿದಳು. "ನನ್ನ ಹುಡುಗೂರನ್ನೂ ಒಂದ್ ಸಲ ನಿಮ್ಮ ಕೆರಿಗೆ ಕರ್ಕೊಂಡ್ ಬರ್ತೀನ್ರಿ. ಪರೀಕ್ಷಾದಾಗ ಬರೂದಿಲ್ಲ, ಬರಲಾರದ್ದೂ ಒಂದೀಟು ಗೊತ್ತಿರ್ಲಿ. ಆ ಹಗ್ಗಾ ಕೊಡ್ತೀರೇನ್ರಿ?"

"ಹಗ್ಗ ತುಂಡಾಯ್ತು. ಎಸೆದೆ," ಎಂದೆ.

ವಾರವೂ ಆಗಿರಲಿಲ್ಲ ಸ್ಮೃತಿ ಆ ಹಗ್ಗದ ತುದಿ ಹಿಡಿದು. ಅವಳು ನನ್ನನ್ನು ನೋಡಿದಳು, ರೇಣುಕಾಳನ್ನು ನೋಡಿದಳು, ಬಾಯಿ ಬಿಡಲಿಲ್ಲ. ನನ್ನ ತಪ್ಪನ್ನು ಮುಚ್ಚಿಟ್ಟು ಅವಳಿಗೆ ಆಗಲೇ ಅಭ್ಯಾಸವಾಗಿತ್ತು. ಮನೆಯವರೆಗೆ ಒಂದೇ ಛತ್ರಿಯಲ್ಲಿ ನಡೆದೆವು. ಅವಳ ಎಡಭುಜ ನೆನೆಯಿತು, ನನ್ನ ಬಲಭುಜ ನೆನೆಯಿತು. ಆ ರಾತ್ರಿ ಹಗ್ಗವನ್ನು ಹಳೆಯ ಸೂಟ್‌ಕೇಸಿನಲ್ಲಿ ಹಾಕಿ ಅಟ್ಟಕ್ಕೆ ಏರಿಸಿದೆ. ಇನ್ನು ಮುಂದೆ ಸ್ಮೃತಿ ರೇಣುಕಾಳ ಕ್ಲಾಸಿಗೆ ಮಾತ್ರ ಹೋಗಲಿ ಎಂದು ಶಾಂತಾಳಿಗೆ ಹೇಳಿದೆ. ಅದು ಔದಾರ್ಯ ಎಂದು ಅವಳು ತಿಳಿದಳು. ನನ್ನ ಹಲಗೆಯ ಮುಂದೆ ಬರ್ಕೊಳ್ಳುತ್ತ ಕೂತ ಮಗಳನ್ನು ನೋಡುವ ಧೈರ್ಯ ನನಗೆ ಇರ­ಲಿಲ್ಲ, ಅಷ್ಟೆ.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಮೈದಾನದಿಂದ ಮಕ್ಕಳ ಗಲಾಟೆ ಕೇಳಿತು. ಕಿಟಕಿಯ ಪರದೆ ಸರಿಸಿದೆ. ಹನಿಮಳೆಯಲ್ಲಿ ರೇಣುಕಾ ಚೂಡಿದಾರವನ್ನು ಮೇಲಕ್ಕೆ ಮಡಚಿ ಕೆಸರಿನಲ್ಲಿ ನಿಂತಿದ್ದಳು. ಕೈಯಲ್ಲಿ ಹೊಸ ಹಗ್ಗ. ಅದಕ್ಕೂ ಗಂಟುಗಳು, ಗಂಟುಗಳಿಗೆ ಕೆಂಪು ದಾರ. ಹಗ್ಗದ ಇನ್ನೊಂದು ತುದಿ ಸ್ಮೃತಿಯ ಕೈಯಲ್ಲಿತ್ತು. ದಡದುದ್ದಕ್ಕೂ ಇಟ್ಟಿಗೆ ಚೂರುಗಳನ್ನು ಇಟ್ಟಾಗಿತ್ತು. ನಾನು ಎರಡನೆಯ ಮಾಳಿಗೆಯಿಂದ ಪಟ್ಟಿಗಳನ್ನು ಎಣಿಸಿದೆ. ಏಳಾಗಿರಲಿ ದೇವರೇ ಎಂದು ಎಣಿಸಿದೆ. ಎಂಟು ಬಂತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದೆ. ಎಂಟೇ. ಸ್ಮೃತಿ ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದಾಗ ಪರದೆಯ ಹಿಂದಕ್ಕೆ ಸರಿದೆ.

ಆ ವರ್ಷ ಸ್ಮೃತಿ ಗಣಿತದಲ್ಲಿ ತುಂಬ ಚೆನ್ನಾಗಿ ಮಾಡಿದಳು, ಈಗ ಪುಣೆಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಮೈದಾನಕ್ಕೆ ಪೇವರ್ ಬ್ಲಾಕ್ ಹಾಸಿ ನೀರು ನಿಲ್ಲದಂತೆ ಮಾಡಿದ್ದಾರೆ. ನನ್ನ ಬ್ಯಾಚಿನಲ್ಲಿ ಈಗ ಐದಾರು ಮಕ್ಕಳಿದ್ದಾರೆ. ಅವರು ಯಾಕೆ ಎಂದು ಕೇಳಿದರೆ, ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನುತ್ತೇನೆ. ಅಷ್ಟು ಮಾತ್ರ ಕಲಿತೆ.

ಕಳೆದ ತಿಂಗಳು ಆ ಅಂಗಡಿಯಲ್ಲಿ ಹೊಸ ಪುಸ್ತಕದ ಎರಡು ಪ್ರತಿ ಕೊಂಡೆ. ಮನೆಗೆ ಬಂದು ಸ್ಟೂಲು ಹತ್ತಿ ಅಟ್ಟದ ಸೂಟ್‌ಕೇಸ್ ಇಳಿಸಿದೆ. ಭಾನುವಾರ ರೇಣುಕಾಳ ಕ್ಲಾಸಿಗೆ ಹೋಗಿ ಒಂದು ಪುಸ್ತಕವನ್ನೂ ಹಗ್ಗವನ್ನೂ ಮೇಜಿನ ಮೇಲಿಟ್ಟೆ. ಅವಳು ಪುಸ್ತಕ ಮುಟ್ಟಲಿಲ್ಲ. ಹಗ್ಗವನ್ನು ತೆಗೆದುಕೊಂಡು ಒಂದೊಂದೇ ಗಂಟನ್ನು ಬೆರಳಲ್ಲಿ ಹಾಯಿಸುತ್ತ ಈ ತುದಿಯಿಂದ ಆ ತುದಿಯವರೆಗೆ ಹೋದಳು.

"ಎಲ್ಲೂ ಹರಿದಿಲ್ಲಲ್ರಿ ಸರ."

"ಇಲ್ಲ. ಅವತ್ತು ಸುಳ್ಳು ಹೇಳಿದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು."

ಅವಳು ಹಗ್ಗವನ್ನು ಸುತ್ತುತ್ತ ಸುತ್ತುತ್ತ, ತಲೆಯೆತ್ತದೆ ಕೇಳಿದಳು, "ಈಗ್ರಿ?"

"ಈಗಲೂ ಉಂಟು," ಎಂದೆ. "ನೀನು ಹಗ್ಗ ಇಟ್ಕೊ."